ಹೆಂಡಿ ಆರಸೋ ನೆವದಾಗ ಗುಡ್ಡಾ ತೋರಿಸಿದ ಮಾವ್ಸಿ

ಒಂದ ಮಾತ ಕೇಳ್ತೀನಿ, ಖರೇ ಹೇಳ್ರಿ. ಅತ್ತಿ ಮುಂದ ಸುಳ್ಳ ಹೇಳಿ ಯಾವಾಗರ ಗುಡ್ಡಾ ಹತ್ತೀರೇನು? ಇಲ್ಲಾ ಅಂತೀರಿ? ಹಂಗಾದ್ರ ನಿಮ್ಮ ಅತ್ತಿ ಭಾಳ ಚಲೋ ಇರಬೇಕು, ಇಲ್ಲಾ ನಿಮ್ಮ ಊರಿಗೆ ಗುಡ್ಡಾನ ಇಲ್ಲದಿರಬೇಕು. ಗಂಡಸರು ಓದಾಕತ್ತಿದ್ರ ಮನ್ಯಾಗ ಹೇಣ್ತೀನ್ನ ಕೇಳ್ರಿ. ಆಕಿ ಏನೂ ಅನ್ನದ ನಕ್ಕೋತ ಒಳಗ ಹೋದ್ಲಂದ್ರ, ಹತ್ಯಾಳ ಅಂತ ತಿಳೀರಿ.

ಕೇಳೂದಕ್ಕ ಕಾರಣ ಐತಿ. ಹೋದ ತಿಂಗಳ ನನ್ನ ಮೊಮ್ಮಗಳು ಕಾಲೇಜಿನಿಂದ ಬರೂಮುಂದ ಚಿಕ್ಕೋಡಿ ಬಸ್ ಸ್ಟ್ಯಾಂಡ್ ಕಡಿಂದ ಒಂದ ಪೊಟ್ಟಣ ಕವಳಿಹಣ್ಣ ತಂದ್ಲು. "ಆಯಿ, ತಗೋ, ನಿನ್ನ ಕಾಲದ ಹಣ್ಣಂತ" ಅಂತ ನನ್ನ ಉಡ್ಯಾಗ ಸುರುವಿದ್ಲು. ನನ್ನ ಕಾಲ ಅಂತ! ನಾ ಇನ್ನೂ ಇಲ್ಲೇ ಕುಂತೀನಿ, ನನ್ನ ಕಾಲ ಎಲ್ಲಿ ಹೋಗಿ ಕುಂತೈತಿ ಅಂತ ಬೈದ್ನಿ. ಬೈಕೋತನ ಒಂದ ಬಾಯಾಗ ಹಾಕ್ಕೊಂಡ್ನಿ. ಅದರ ಹಾಲ ತುಟಿಗೆ ಅಂಟತು. ಮೊದಲ ಹುಳಿ, ಆಮ್ಯಾಲ ಸಿಹಿ, ಅದರ ಹಿಂದಿನಿಂದ ಬಿಸಲಾಗ ಕಾದ ಕಲ್ಲಿನ ವಾಸನಿ... ಒಣಗಿದ ಕರಡ ಹುಲ್ಲಿನ ವಾಸನಿ... ಮುಳ್ಳಿನ ಕಂಟ್ಯಾಗ ಅಂಜದ ಕೈ ಹಾಕಿ ಕರೀ ಹಣ್ಣ ಹರದ ಕೊಡೂ ಒಂದ ಕೈ ಕಣ್ಣಿಗೆ ಕಟ್ಟತು. ಹಿತ್ತಲ ಮಾವ್ಸೀ ಕೈ. 

ಮಾವ್ಸಿ ಅಂದ್ರ ಚಿಗವ್ವ, ಆದ್ರ ರಕ್ತದ ಸಂಬಂಧ ಏನೂ ಇಲ್ಲ. ನಮ್ಮ ಹಿತ್ತಲ ಗ್ವಾಡಿಗೆ ಹತ್ತಿ ಆಕಿ ಇದ್ದ ಮೈದುನರ ಮನಿ. ಸಣ್ಣ ವಯಸ್ಸಿನಾಗ ಗಂಡ ತೀರಿಕೊಂಡಿದ್ದ. ಒಬ್ಬಾಕಿ ಮಗಳು, ಎರಡ ಎಮ್ಮಿ, ಮೈದುನರ ಹೊಲದಾಗ ದುಡಿತಾ, ಮೈದುನರ ಮನ್ಯಾಗಿನ ರೊಟ್ಟಿ ಬಡಿತಾ... ಬೆಳಗ ಮುಂಜಾನೆದ್ದ ಆಕಿ ಕೈ ಕೆಲಸಕ್ಕ ಹತ್ತಿದ್ರ ಊರ ಮಲಗಿದ ಮ್ಯಾಲ ಬಿಡತಿತ್ತು. ಮಶೇರಿ ತಿಕ್ಕಿ ತಿಕ್ಕಿ ಹಲ್ಲ ಕರ್ರಗ ಆಗಿದ್ದು. ನಿಪ್ಪಾಣಿ ಕಡಿ ತಂಬಾಕ ಸುಟ್ಟ ಮಾಡಿದ್ದ ಮಶೇರಿನ ಆಗಬೇಕ ಆಕಿಗೆ, ಬ್ಯಾರೆ ಕೊಟ್ರ ಮಾರಿ ಸಿಂಡರಿಸತಿದ್ಲು. ಸಣಕಲಿ. ಗಾಳಿ ಬಿಟ್ರ ಹಾರಿ ಹೋಗತಾಳೇನೋ ಅನಸತಿತ್ತು, ಆದ್ರ ಆ ಗಾಳೀನ್ನ ಹುಡಕ್ಕೊಂಡ ಹೋಗಾಕಿ ಆಕೀನ.

ನಾ ಅಥಣಿ ಕಡಿಯಾಕಿ. ನಮ್ಮ ಕಡೆ ನೆಲ ಬಡದ ರೊಟ್ಟಿ ಇದ್ದಂಗ, ಸಪಾಟ. ಲಗ್ನಾಗಿ ಕರೋಶಿ ಕಡಿ ಈ ಊರಿಗೆ ಬಂದಾಗ ಹಿತ್ತಲ ಬಾಗಲಾ ತಗದ್ರ ಎದರಿಗೆ ಗುಡ್ಡಾ ನಿಂತಿತ್ತು. ನಾ ಬಾಂಡೆ ತಿಕ್ಕೋತ ಅದನ್ನ ನೋಡಾಕಿ. ಅದರ ನೆತ್ತಿ ಮ್ಯಾಲ ನಿಂತ್ರ ಏನ ಕಾಣಸತೈತಿ, ನಮ್ಮ ತವರಮನಿ ಕಾಣಸತೈತೇನು ಅಂತ... ಹುಚ್ಚ ವಯಸ್ಸು, ಹದಿನಾರು.

ಗುಡ್ಡಾ ಯಾರ ಅಪ್ಪಂದೂ ಅಲ್ಲ. ಗಾಯರಾಣ. ದನಾ ಮೇಯಾಕ ಅಂತ ಸರಕಾರ ಬಿಟ್ಟ ಜಾಗ, ಅಂದ್ರ ಊರ ಎಲ್ಲಾರದ್ದು. ಕುರಿಯವ್ರು ಹೋಗತಿದ್ರು. ಗಂಡಸರು ಸಂಜಿಕೆ ಹೋಗಿ ಬೀಡಿ ಸೇದಿ, ಇಸ್ಪೀಟ ಆಡಿ, ಚಂದಾಗಿ ಗಾಳಿ ತಗೊಂಡ ಬರತಿದ್ರು. ಯಾಕ ಹೋಗಿದ್ರಿ ಅಂತ ಅವ್ರನ್ನ ಯಾರೂ ಕೇಳತಿರಲಿಲ್ಲ. ಎಲ್ಲಾರದ್ದು ಅನ್ನೂ ಮಾತಿನಾಗ ಸೊಸಿ ಇರಲಿಲ್ಲ, ಅಷ್ಟ. ಸೊಸಿ ಹೊಸ್ತಲಾ ದಾಟಬೇಕಂದ್ರ ಕೈಯಾಗ ಕೊಡಾ ಇರಬೇಕು, ಕುಡಗೋಲ ಇರಬೇಕು, ಬುಟ್ಟಿ ಇರಬೇಕು. ಖಾಲಿ ಕೈಲೆ ಹೊಂಟ್ರ ತವರಿಗೆ ಓಡಿ ಹೊಂಟಾಳ ಅಂತಿದ್ರು. ಜರಾ ಗಾಳಿಗೆ ಹೋಗಿ ಬರ್ತೀನಿ ಅಂದಿದ್ರ, ಗಾಳೀನ ಬಡದೈತಿ ಇಕಿಗೆ ಅಂತ ಬೇವಿನ ತಪ್ಪಲಾ ತರತಿದ್ರು.

ಒಂದ ದಿನ ಹಿಂಗ ನೋಡ್ಕೋತ ನಿಂತಿದ್ನಿ. ಗ್ವಾಡಿ ಮ್ಯಾಲ ಕರೀ ಹಲ್ಲಿನ ಮಾರಿ ಎದ್ದತು.

"ಏನ ಬೇ ಹೊಸಾಕಿ, ಗುಡ್ಡಾ ಹಂಗ ಯಾಕ ನೋಡಾಕತ್ತಿ? ಅದ ಬಂದ ನಿನ್ನ ಎತಕೊಂಡ ಹೋಗತೈತೇನು? ನೀನ ಹೋಗಬೇಕ ಅದರ ಕಡೆ."

ಅವತ್ತ ಸಂಜಿಕೆ ಮಾವ್ಸಿ ನಮ್ಮ ಮನಿಗೆ ಬಂದ್ಲು. ನಮ್ಮ ಅತ್ತಿ ಜ್ವಾಳ ಹಸನ ಮಾಡಾಕತ್ತಿದ್ಲು. ಅತ್ತಿ ಅಂದ್ರ ಏನಂತೀರಿ... ಆಕಿ ಕೆಮ್ಮಿದ್ರ ಅಂಗಳದಾಗಿನ ಕೋಳಿ ಸುದ್ದಾ ಸಾಲ ಹಿಡಿತಿದ್ದು. ಮಾವ್ಸಿ ಆಕಿ ಮಗ್ಗಲ ಕುಂತ ತಾನೂ ಒಂದ ಮುಟಿಗಿ ಜ್ವಾಳ ಮರದಾಗ ಹಾಕ್ಕೊಂಡ ಹಸನ ಮಾಡ್ಕೋತ, "ಅಕ್ಕಾ, ಗುಡ್ಡದ ಬುಡಕ ದನದ ಹೆಂಡಿ-ಸಗಣಿ ಬಿದ್ದ ಹಾಳಾಗಾಕತ್ತೈತಿ. ಮಂದಿ ಒಯ್ಯಾಕತ್ತಾರ. ನಿನ್ನ ಸೊಸಿ ಕೈಯಾಗ ಬುಟ್ಟಿ ಕೊಡ, ಕರಕೊಂಡ ಹೋಗತೀನಿ. ಒಲಿಗೆ ಕುಳ್ಳ ಬಡಿಯಾಕ ಆಗತೈತಿ" ಅಂದ್ಲು. ಮಂದಿ ಒಯ್ಯಾಕತ್ತಾರ ಅನ್ನೂ ಮಾತಿಗೆ ನಮ್ಮ ಅತ್ತಿ ಮರಾ ಕೆಳಗಿಟ್ಲು. ದೀಪ ಹಚ್ಚೂದರೊಳಗ ಬರಬೇಕ ಅಂತ ಅಪ್ಪಣಿ ಆತು.

ಮರುದಿನ ಮಧ್ಯಾಹ್ನ ಹೊಂಟ್ವಿ. ನಾ ಒಬ್ಬಾಕೀನ ಅಂದ್ಕೊಂಡಿದ್ನಿ. ಓಣಿ ದಾಟಿದ್ರ ಮತ್ತ ನಾಕ ಮಂದಿ ಸೊಸ್ತ್ಯಾರು ಬುಟ್ಟಿ ಹೊತ್ಕೊಂಡ ನಿಂತಾರ! ಎಲ್ಲಾರ ಮಾರಿ ಮ್ಯಾಲೂ ಕಳ್ಳ ನಗಿ. ಗುಡ್ಡದ ಬುಡಕ ಕತ್ತಾಳಿ ಬೇಲಿ ಇತ್ತು. ಅದರ ಹಿಂದ ಒಂದ ತೆಗ್ಗ. ತೆಗ್ಗಿನ ಮ್ಯಾಲ ಒಣ ಕಂಟಿ ಮುಚ್ಚಿತ್ತು. ಮಾವ್ಸಿ ಕಂಟಿ ಸರಿಸಿದ್ರ ಒಳಗ ತೆಗ್ಗಿನ ತುಂಬ ಹೆಂಡಿ. ಆಕಿ ನಾಕ ದಿನದಿಂದ ನಸಿಕಿನ್ಯಾಗ ಎದ್ದ ಬಂದ ಆರಸಿ ಆರಸಿ ಕೂಡಿಸಿ ಇಟ್ಟಿದ್ಲು, ನಮ್ಮ ಐದೂ ಮಂದಿ ಬುಟ್ಟಿಗೆ ಆಗೂವಷ್ಟು. ಬರೂಮುಂದ ತುಂಬಕೊಂಡ ನಡದ್ರಾತು, ಈಗ ಎರಡ ತಾಸ ನಿಮ್ಮವು ಅಂದ್ಲು.

ನೋಡ್ರಿ, ಲೆಕ್ಕಾ ತಿಳೀತಿಲ್ಲೋ? ಐದ ಮಂದಿ ಕೆಲಸಾ ಒಬ್ಬಾಕಿ ಮಾಡಿ, ನಮಗ ಎರಡ ತಾಸ ಬಿಡಿಸಿ ಕೊಡಾಕಿ. ನನಗ ಆವಾಗ ನಗಿ ಬಂದಿತ್ತು. ಈಗ ನಗಿ ಬರೂದಿಲ್ಲ. ತನಗ ಇದ್ದದ್ದ ಒಂದೀಟ ನಿದ್ದಿ, ಅದನ್ನೂ ಮುರಕೊಂಡ...

ರೊಟ್ಟಿ ಒಯ್ಯೂ ರೀತೀನೂ ಆಕೀನ ಹೇಳಿಕೊಟ್ಟಿದ್ದು. ಹೆಂಡಿಗೆ ಹೋಗಾಕಿ ಬುತ್ತಿ ಯಾಕ ಕಟಕೊಂಡ ಹೋಗತಾಳ ಅಂತ ಕೇಳತಾರಲ್ಲಾ? ಅದಕ್ಕ ತಲಿ ಮ್ಯಾಲಿನ ಅರಿವಿ ಸಿಂಬಿ ಬಿಚ್ಚಿ, ಅದರೊಳಗ ರೊಟ್ಟಿ ಇಟ್ಟ, ನಡುವ ಶೇಂಗಾ ಚಟ್ನಿ ಹಾಕಿ ಸುತ್ತೂದು. ಅದರ ಮ್ಯಾಲ ಖಾಲಿ ಬುಟ್ಟಿ. ಅತ್ತಿ ಮುಂದ ಹಾದ ಹೋಗತಿದ್ವಿ, ರೊಟ್ಟಿ ನೆತ್ತಿ ಮ್ಯಾಲ ಇರತಿತ್ತು. ಗುಡ್ಡಾ ಹತ್ತೂದರಾಗ ತಲಿ ಬೆವರಿಗೆ ಮೆತ್ತಗಾಗಿ, ಏನ ರುಚಿ ಬರತಿತ್ತ ಅದಕ್ಕ. ನೀವ ಮಾರಿ ಕಿವಚಬ್ಯಾಡ್ರಿ, ತಿಂದಾಕಿ ನಾ.

ನೆತ್ತಿ ಮ್ಯಾಲ ಒಂದ ಹಾಸಬಂಡಿ, ನೆಲಕ್ಕ ಹಾಸಿದಂಗ ಬಿದ್ದ ಕಲ್ಲು. ನಮ್ಮ ಪಡಸಾಲಿ ಎರಡ ಹಿಡಿತಾವ, ಅಷ್ಟ ಅಗಲ. ಅಲ್ಲಿ ಹೋಗಿ ಮಾವ್ಸಿ ಮೊದಲ ಮಾಡಿದ ಕೆಲಸಾ ಅಂದ್ರ ತಲಿ ಮ್ಯಾಲಿನ ಸೆರಗ ತಗದ ಹೆಗಲಿಗೆ ಹಾಕ್ಕೊಂಡ್ಲು. ನಾವೂ ತಗದ್ವಿ. ಗಾಳಿ ಬಂದ ಕೂದಲದ ಬುಡಕ್ಕ ಹೊಕ್ಕತು. ಲಗ್ನಾದ ಮ್ಯಾಲ ನನ್ನ ನೆತ್ತಿಗೆ ಗಾಳಿ ತಾಗಿದ್ದ ಅವತ್ತ ಮೊದಲ. ಕೆಳಗ ನಮ್ಮ ಊರ ಒಂದ ಬೊಗಸ್ಯಾಗ ಹಿಡಿಯೂವಷ್ಟ ಕಾಣತಿತ್ತು. ನಮ್ಮ ಅತ್ತಿ ಅಂಗಳದಾಗ ಇರುವಿಯಂಗ ಅಡ್ಡಾಡಾಕತ್ತಿದ್ಲು. ನಾ ಕೈ ಮಾಡಿ ತೋರಿಸಿ ಬಿದ್ದ ಬಿದ್ದ ನಕ್ಕಿದ್ನಿ. ದೂರ ಬೆಳ್ಳಗ ಗೆರಿ ಎಳದಂಗ ಹೊಳಿ, ಅದರ ಆಚೆ ಕಬ್ಬಿನ ಹಸರು, ಅದರ ಆಚೆ ಮಬ್ಬು. ಆ ಮಬ್ಬಿನಾಗ ಎಲ್ಲೋ ನಿನ್ನ ತವರಮನಿ ಐತಿ ತಿಳಿ ಅಂದ್ಲು ಮಾವ್ಸಿ. ತಿಳಿದ್ನಿ.

ನಾವು ಕೈ ಕೈ ಹಿಡದ ಗಿರಗಿರ ತಿರಗಿ ಫುಗಡಿ ಆಡತಿದ್ವಿ. ಕವಳಿಹಣ್ಣ ಹರದ ತಿಂದ ತುಟಿ ಅಂಟಿಸಿಕೊಂಡ ಮಾತಾಡತಿದ್ವಿ. ಬಂಡಿ ಒಂದ ಮಗ್ಗಲಾ ಇಳಕಲ ಇತ್ತು, ತಪ್ಪಲಾ ಹಾಸಕೊಂಡ ಜಾರಿ ಬರತಿದ್ವಿ. ಒಂದ ಸಲ ನನ್ನ ಸೀರಿ ಹಿಂದ ಮೊಳದಷ್ಟ ಹರೀತು. ಮನಿಗೆ ಹೋಗಿ ಎಮ್ಮಿ ಹಾಯ್ತ್ರಿ ಅಂತ ಹೇಳಿದ್ನಿ. ನಮ್ಮ ಅತ್ತಿ ಆ ಬಡಪಾಯಿ ಎಮ್ಮೀನ್ನ ಒಂದ ತಿಂಗಳ ಗಿಡ್ಡ ಹಗ್ಗಕ್ಕ ಕಟ್ಟಿದ್ಲು. ಅದ ನನ್ನ ನೋಡಿದಾಗೊಮ್ಮಿ ಉಸರ ಬಿಡತಿತ್ತು.

ಮಾವ್ಸಿ ಮಾತ್ರ ಆಡತಿರಲಿಲ್ಲ. ಜಾರತಿರಲಿಲ್ಲ. ನಮಗ ಹಣ್ಣ ಹರದ ಕೊಟ್ಟ, ಬಂಡಿ ಮ್ಯಾಲ ಕೈ ದಿಂಬ ಮಾಡ್ಕೊಂಡ ಮಲಗಿ ಬಿಡತಿದ್ಲು. ಬಾಯಿ ತಗದ, ಕಾಲ ಚಾಚಿ, ಸತ್ತವರಂಗ ನಿದ್ದಿ. ಯಾಕ ಇಷ್ಟ ದೂರ ಹತ್ತಿ ಬಂದ ಮಲಗತಿ, ಮನ್ಯಾಗ ಮಲಗೂದಲ್ಲೇನು ಅಂತ ಒಮ್ಮಿ ಕೇಳಿದ್ನಿ.

"ಮನ್ಯಾಗ ಕಣ್ಣ ಅಷ್ಟ ಮಲಗತಾವ ಬೇ, ಕಿವಿ ಎಚ್ಚರ ಇರತಾವ. ಯಾರ ಕರೀತಾರೋ, ಯಾರ ಬಾಗಲಾ ತಗೀತಾರೋ ಅಂತ. ಇಲ್ಲಿ ಕಿವೀನೂ ಮಲಗತಾವ."

ಒಬ್ಬಾಕಿ ಹೆಂಗಸು, ಗಂಡ ಇಲ್ಲದಾಕಿ, ಮೈದುನರ ಮನ್ಯಾಗ... ಆಕಿ ಕಿವಿ ಯಾಕ ಎಚ್ಚರ ಇರತಿದ್ದು ಅನ್ನೂದು ನನಗ ತಿಳಿಯಾಕ ಭಾಳ ವರ್ಷ ಹಿಡೀತು.

ಹಂಗ ವಾರಕ್ಕೊಮ್ಮಿ, ಹದಿನೈದ ದಿನಕ್ಕೊಮ್ಮಿ, ಬೆಳಿ ಕೊಯ್ಯೂ ಸುಗ್ಗಿ ಬಿಟ್ಟ ವರ್ಷಾ ಪೂರ್ತಿ ಹೋಗತಿದ್ವಿ. ಬಸರ ಇದ್ದಾಗ ಬುಡಕ ಕುಂತ ಬಂದೀನಿ. ಮಕ್ಕಳನ್ನ ಬಗಲಾಗ ಎತಕೊಂಡ ಹತ್ತೀನಿ. ಐವರೂ ಒಬ್ಬರಾದ ಮ್ಯಾಲ ಒಬ್ಬರು ಅತ್ತ್ಯಾರಾದ್ವಿ. ಮನಿಗೆ ಗ್ಯಾಸ ಬಂತು, ಕುಳ್ಳ ಬಡಿಯೂದ ನಿಂತತು. ಆದ್ರ ಸುಳ್ಳ ನಿಲ್ಲಲಿಲ್ಲ. ಈಗ ತಿಪ್ಪಿಗೆ ಬೇಕ, ಗಿಡಕ್ಕ ಬೇಕ ಅಂತ ಹೇಳತಿದ್ವಿ. ನಂದು ಮೊಣಕಾಲ ಹಿಡಕೊಂಡ ಮ್ಯಾಲ ವರ್ಷದಾಗ ಎರಡ ಸಲ ಆತು. ಮಾವ್ಸಿ ಮಾತ್ರ ಎಪ್ಪತ್ತ ದಾಟಿದ್ರೂ ಬಗಲಾಗ ಖಾಲಿ ಬುಟ್ಟಿ ಇಟ್ಕೊಂಡ ವಾರಕ್ಕೊಮ್ಮಿ ಹೋಗಾಕಿ. ಮನ್ಯಾಗ ಒಂದ ದನಾ ಇರಲಿಲ್ಲ, ಒಲಿ ಇರಲಿಲ್ಲ. ಮುದುಕಿಗೆ ಹೆಂಡಿ ಚಟಾ ಅಂತ ಮಂದಿ ನಗತಿದ್ರು.

ಆಮ್ಯಾಲ ಆ ಸಭಾ ಬಂತು. ಅದನ್ನ ಬರ್ಯಾಕ ನನಗ ಮೂರ ದಿನ ಆತು. ಫೋನಿನ ಮ್ಯಾಲ ಬೆರಳ ಒತ್ತಾಕ ಬರಲಿಲ್ಲ.

ಯಾರೋ ಹೊರಗಿನವ್ರು ಗುಡ್ಡದ ಮ್ಯಾಲ ಮಂದಿ ಬಂದ ಇದ್ದ ಹೋಗೂವಂತಾ ಜಾಗ ಕಟ್ಟತಾರಂತ, ಅದಕ್ಕ ಗುಡ್ಡಾ ಕೊಡ್ರಿ ಅಂತ ಸರಕಾರಕ್ಕ ಕೇಳ್ಯಾರಂತ ಸುದ್ದಿ ಬಂತು. ಒಂದ ದಿನ ಚಿಕ್ಕೋಡಿಂದ ಸಾಹೇಬ ಬಂದ. ಪಂಚಾಯ್ತಿ ಕಟ್ಟಿ ಮ್ಯಾಲ ಕುರ್ಚಿ ಹಾಕಿದ್ರು. ಊರ ಮಂದಿ ಎಲ್ಲಾ ಕೂಡಿದ್ರು. ಸಾಹೇಬ ಸಣ್ಣ ವಯಸ್ಸಿನಾಂವ, ಕೆಟ್ಟಾಂವ ಅಲ್ಲ. ಬಿಡಿಸಿ ಬಿಡಿಸಿ ಹೇಳಿದ. ಊರವ್ರು ಉಪಯೋಗ ಮಾಡೂ ಜಾಗ ಇದ್ರ ಅದನ್ನ ಬರಕೋತೀನಿ, ಅಷ್ಟ ಜಾಗ, ಅದರ ಹಾದಿ ಬಿಟ್ಟ ಉಳದದ್ದ ಕೊಡತಾರ ಅಂದ. ಕುರಿಯವ್ರು ಬುಡದಾಗಿನ ಹುಲ್ಲು ಬೇಕು ಅಂದ್ರು. ಬರಕೊಂಡ. ಅದಕ್ಕ ಇವತ್ತಿಗೂ ಬುಡದಾಗ ಕುರಿ ಮೇಯತಾವ. ಗಂಡಸರಿಗೆ ಈಗ ಇಸ್ಪೀಟ ಆಡಾಕ ಧಾಬಾ ಆಗ್ಯಾವ, ಅವ್ರು ಏನೂ ಬ್ಯಾಡ ಅಂದ್ರು. ಆಮ್ಯಾಲ ಸಾಹೇಬ ನಮ್ಮ ಕಡೆ ತಿರಗಿದ.

"ಹೆಣ್ಣಮಕ್ಕಳು ನೀವೇನರ ಹೋಗತೀರೇನ್ರಿ ಗುಡ್ಡದ ಮ್ಯಾಲ? ಇದ್ದದ್ದ ಇದ್ದಂಗ ಹೇಳ್ರಿ ತಾಯಿ, ಬರಕೋತೀನಿ."

ಸೊಸ್ತ್ಯಾರು ಐದ ಮಂದ್ಯಾಗ ಇಬ್ಬರು ಅಷ್ಟೊತ್ತಿಗೆ ತೀರಿಕೊಂಡಿದ್ರು. ಉಳದ ಇಬ್ಬರು ನನ್ನ ನೋಡಿದ್ರು. ನಾ ಏಳನೇತ್ತ ಕಲತಾಕಿ, ಬಾಯಿ ಇದ್ದಾಕಿ. ಮಾವ್ಸಿ ನನ್ನ ಮಗ್ಗಲಾ ಕುಂತಿದ್ಲು. ಮೊಣಕೈಗೆ ಚಿವುಟಿ, ಹೇಳ ಬೇ, ಏನೂ ಆಗೂದಿಲ್ಲ ಅಂದ್ಲು ಸಣ್ಣ ದನ್ಯಾಗ.

ನಾ ಎದ್ದ ನಿಂತ್ನಿ. ಎದರಿಗೆ ನೋಡಿದ್ರ ನಮ್ಮ ಅತ್ತಿ! ಎಂಬತ್ತ ದಾಟಿದ ಮುದುಕಿ, ಊರ ಸಭಾಕ್ಕ ಎಂದೂ ಬರದಾಕಿ, ಅವತ್ತ ಕೋಲ ಊರಕೊಂಡ ಬಂದ ಮೊದಲ ಸಾಲಿನಾಗ ಕುಂತಾಳ. ಕಿವಿಗೆ ಕೈ ಹಚ್ಚಿ ನನ್ನ ಮಾರೀನ ನೋಡಾಕತ್ತಾಳ. ಅತ್ತಾಗ ನನ್ನ ಭಾವ. ಇತ್ತಾಗ ನನ್ನ ಮಕ್ಕಳು, ನನ್ನ ಸೊಸಿ. ನಾ ಏನ ಹೇಳಲಿ? ಹೆಂಡಿಗೆ ಅಂತ ಹೇಳಿ ನಲವತ್ತ ವರ್ಷ ಆಡಾಕ ಹೋಗಿದ್ವಿ, ಸೆರಗ ತಗದ ಕುಂಡರತಿದ್ವಿ, ಈಕಿ ಮಲಗಾಕ ಹೋಗತಿದ್ಲು ಅಂತ ಹೇಳಲೇನು? ನನಗೂ ಮೊಮ್ಮಕ್ಕಳು ಆಗಿದ್ರು ಅವತ್ತಿಗೆ. ಆದ್ರ ಅತ್ತಿ ಕಣ್ಣ ನೋಡಿದ ಕೂಡ್ಲೆ ನಾ ಮತ್ತ ಹದಿನಾರ ವರ್ಷದಾಕಿ ಆದ್ನಿ.  ಅಷ್ಟ ವರ್ಷ ಹೇಳಿ ಹೇಳಿ ಸವದ ಮಾತ ಅದರಷ್ಟಕ್ಕ ಅದ ಬಾಯಿಂದ ಹೊರಗ ಬಂತು.

"ಹೆಂಡಿ ಆರಸಾಕ ಹೋಗತಿದ್ವಿ ಸಾಹೇಬ್ರ. ಈಗ ಗ್ಯಾಸ ಬಂದಾವು. ಈಗ ಅಲ್ಲಿ ನಮ್ಮದೇನೂ ಇಲ್ರಿ."

ಬರಕೊಂಡ. ಓದಿ ತೋರಿಸಿದ. ನನ್ನ ಕಡಿಂದ ಸಹಿ ತಗೊಂಡ. ಉಳದವ್ರು ಹೆಬ್ಬಟ್ಟ ಒತ್ತಿದ್ರು. ಮಾವ್ಸಿ ಪಾಳಿ ಬಂದಾಗ ಆಕಿ ಎದ್ದ ಸೀರಿ ಜಾಡಿಸಿಕೊಂಡ, "ನನಗ ಹೆಬ್ಬಟ್ಟ ಒತ್ತಾಕ ಬರೂದಿಲ್ಲ" ಅಂದ್ಲು. ಮಂದಿ ಎಲ್ಲಾ ನಕ್ಕರು. ಆಕಿ ಚಪ್ಪಲಿ ಹುಡಕ್ಕೊಂಡ ನಡದ್ಲು. ನನ್ನ ಕಡೆ ನೋಡಲಿಲ್ಲ.

ವರ್ಷ ತುಂಬೂದರಾಗ ಗುಡ್ಡದ ನಡಕ್ಕ ತಂತಿ ಬೇಲಿ ಬಿತ್ತು. ಹತ್ತೂ ಹಾದಿಗೆ ಗೇಟ. ಗೇಟಿಗೆ ಒಬ್ಬ ವಾಚಮನ್, ಹಾರೂಗೇರಿ ಕಡಿಯಾಂವ, ಬಡವರ ಮಗಾ. ಮಾವ್ಸಿ ಬುಟ್ಟಿ ಹಿಡಕೊಂಡ ಹೋದ್ಲು. ಅಂವ ಬಿಡಲಿಲ್ಲ. ಒಳಗ ಯಾಕ ಹೊಂಟಿ ಆಯಿ ಅಂತ ಕೇಳಿದ. ಆಕಿ ಬಾಯಾಗೂ ಅದ ಮಾತ ಬಂತು, ಹೆಂಡಿಗೆ. ಪಾಪ, ಅಂವ ಒಳ್ಳೆ ಮನಶ್ಯಾ. ಮರುದಿನ ಬುಡದಾಗ ಅಡ್ಡಾಡಿ ಒಂದ ಬುಟ್ಟಿ ಹೆಂಡಿ ಆರಸಿ, ತಾನ ಹೊತ್ಕೊಂಡ ಬಂದ ಮಾವ್ಸಿ ಬಾಗಲದಾಗ ಇಟ್ಟ ಹೋದ. ನೀ ತ್ರಾಸ ತಗೋಬ್ಯಾಡ ಆಯಿ, ಬೇಕಾದಾಗ ಹೇಳ, ನಾ ತಂದ ಕೊಡತೀನಿ ಅಂದ.

ನಾ ಹಿತ್ತಲದಾಗಿಂದ ನೋಡಿದ್ನಿ. ಮಾವ್ಸಿ ಆ ಬುಟ್ಟಿ ಎದರಿಗೆ ಇಟ್ಕೊಂಡ ಕಟ್ಟಿ ಮ್ಯಾಲ ಕುಂತಿದ್ಲು. ಬಿಸಲ ಏರತು, ಹೆಂಡಿ ಮ್ಯಾಲ ನೊಣಾ ಕುಂತು, ಆಕಿ ಏಳಲಿಲ್ಲ. ನಾವು ಇಷ್ಟ ವರ್ಷ ಬೇಕು ಬೇಕು ಅಂತ ಹೇಳಿದ್ದ ಹೆಂಡಿ, ಮನಿ ಬಾಗಲಕ್ಕ ಬಂದಿತ್ತು.

ನನಗ ಸುಮ್ಮನ ಕುಂಡ್ರಾಕ ಆಗಲಿಲ್ಲ. ಇಬ್ಬರೂ ಚಿಕ್ಕೋಡಿ ಕಚೇರಿಗೆ ಹೋದ್ವಿ. ಅರ್ಜಿ ನಾನ ಬರದಿದ್ನಿ. ಹಾಸಬಂಡಿತನಕ ಹಾದಿ ಬಿಡ್ರಿ, ನಾವು ಅಲ್ಲಿ ಕುಂಡ್ರಾಕ ಹೋಗತೀವಿ ಅಂತ ಬರದಿದ್ನಿ. ಕುಂಡ್ರಾಕ ಅನ್ನೂ ಶಬ್ದಾ ಬರ್ಯಾಕ ನಾಚಕಿ ಬಂದಿತ್ತು, ಆದ್ರೂ ಬರದ್ನಿ. ಕಾರಕೂನ ಕನ್ನಡಕದ ಮ್ಯಾಲಿಂದ ನೋಡಿ, ಕಪಾಟ ತಗದ, ಹಳೇ ಕಾಗದ ಹುಡಕಿ ನಮ್ಮ ಮುಂದ ಹಿಡದ. ಈ ಸಹಿ ಯಾರದ್ರಿ ಅಂದ. ನಂದ್ರಿ ಅಂದ್ನಿ. ಮ್ಯಾಲ ಏನ ಬರದೈತಿ ಓದ್ರಿ ಅಂದ. ಓದಿದ್ನಿ. ಮಾವ್ಸಿಗೆ ಓದಾಕ ಬರತಿರಲಿಲ್ಲ, ಅದಕ್ಕ ದೊಡ್ಡ ದನಿಲೆ ಓದಬೇಕಾತು. ಈಗ ಅಲ್ಲಿ ನಮ್ಮದೇನೂ ಇಲ್ಲ... ನನ್ನ ಮಾತ ನನ್ನ ಬಾಯಿಲೆ ಎರಡನೇ ಸಲ ಹೇಳಿ ಬಂದ್ನಿ.

ಹೊಳ್ಳಿ ಬರೂಮುಂದ ಬಸ್ಸಿನ್ಯಾಗ ಆಕಿ ನನ್ನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಹೊಡದಿದ್ರೂ ಹೊಡಸಕೋತಿದ್ನಿ. ಖಿಡಕಿ ಮಗ್ಗಲಿನ ಸೀಟ ನನಗ ಬಿಟ್ಟಕೊಟ್ಲು, ನಿನಗ ಗಾಳಿ ಬೇಕಾಗತೈತಿ ಅಂತ. ಅಷ್ಟ.

ಆಮ್ಯಾಲ ಆಕಿಗೆ ನಿದ್ದಿ ಬರದಂಗಾತು. ಮಗಳು ಬಂದ ನಿಪ್ಪಾಣಿಗೆ ಕರಕೊಂಡ ಹೋಗಿ ಡಾಕ್ಟರಗ ತೋರಿಸಿದ್ಲು. ಗುಳಗಿ ಕೊಟ್ರು. ಗುಳಗಿ ತಗೊಂಡ್ರ ಕಣ್ಣ ಮುಚ್ಚತಾವ ಬೇ ಅಂತಿದ್ಲು, ಮುಂದಿನ ಮಾತ ಹೇಳತಿರಲಿಲ್ಲ. ನನಗ ಗೊತ್ತಿತ್ತಲ್ಲಾ ಮುಂದಿನ ಮಾತ. ಹಿತ್ತಲ ಬಾಗಲಾ ತಗದ್ರ ಕಟ್ಟಿ ಮ್ಯಾಲ ಕುಂತ ಗುಡ್ಡಾ ನೋಡಾಕಿ. ನಾ ಬಾಗಲಾ ತಗಿಯೂದನ್ನ ಕಡಿಮಿ ಮಾಡಿದ್ನಿ. ಹೌದು, ಅದನ್ನೂ ಮಾಡಿದ್ನಿ. ಬಾಂಡೆ ಒಳಗ ಒಯ್ದ ಮೋರ್ಯಾಗ ತಿಕ್ಕಾಕ ಸುರು ಮಾಡಿದ್ನಿ. ಆಕಿ ಇನ್ನ ಎರಡ ವರ್ಷ ಇದ್ಲು. ಆ ಎರಡ ವರ್ಷದಾಗ ನಾ ಆಕಿ ಸಂಗಟ ಎಷ್ಟ ಸಲ ಕುಂತೀನಿ ಅಂತ ಕೇಳಿದ್ರ ಒಂದ ಕೈಯಾಗಿನ ಬೆರಳ ಸುದ್ದಾ ತುಂಬೂದಿಲ್ಲ.

ಹೋದದ್ದು ಒಂದ ಮಧ್ಯಾಹ್ನ. ನಾ ಹೋಗಿ ನೋಡಿದಾಗ ಕಣ್ಣ ಪೂರ್ತಿ ಮುಚ್ಚಿರಲಿಲ್ಲ. ಮಗಳು ಮುಚ್ಚಿದ್ರೂ ಮತ್ತ ಒಂದೀಟ ತಗೀತಿದ್ದು. ಹೆಂಗಸರೆಲ್ಲಾ ಅತ್ರು. ನನಗ ಅಳು ಬರಲಿಲ್ಲ. ನಾ ಆಕಿ ಕಿವಿ ನೋಡ್ಕೋತ ಕುಂತಿದ್ನಿ...

ಆ ಕವಳಿಹಣ್ಣ ತಿಂದ ಮ್ಯಾಲ ಇದನ್ನೆಲ್ಲಾ ಮೊಮ್ಮಗಳಿಗೆ ಹೇಳಿದ್ನಿ. ಆಕಿ ಫೋನಿನ್ಯಾಗ ಹುಡಕಿ ಒಂದ ಫೋಟೋ ತೋರಿಸಿದ್ಲು. ನಮ್ಮ ಹಾಸಬಂಡಿ. ಅದರ ಮ್ಯಾಲ ನಾಕ ಬೆತ್ತದ ಕುರ್ಚಿ, ಒಂದ ಛತ್ರಿ. ಒಬ್ಬಾಕಿ ಹುಡಗಿ ಕೂದಲಾ ಬಿಟ್ಟ, ಕೈ ಅಗಲಾ ಮಾಡಿ ಗಾಳಿಗೆ ಮಾರಿ ಕೊಟ್ಟ ನಿಂತಾಳ. ಇಲ್ಲಿ ಬಂದ ಸುಮ್ಮನ ಕುಂಡ್ರಿ, ಚಂದಾಗಿ ನಿದ್ದಿ ಮಾಡ್ರಿ ಅಂತ ಕೆಳಗ ಬರದಾರಂತ, ಮೊಮ್ಮಗಳು ಓದಿ ಹೇಳಿದ್ಲು. ಅಲ್ಲಿ ಉಳಕೊಳ್ಳಾವರಿಗೆ ಅಷ್ಟ ಒಳಗ ಬಿಡತಾರಂತ. ಆ ಹುಡಗಿ ಮ್ಯಾಲ ನನಗ ಸಿಟ್ಟಿಲ್ಲ. ಆಕಿ ಗಾಳಿಗೆ ಹೋಗತೀನಿ ಅಂತ ಹೇಳೇ ಮನಿಂದ ಹೊಂಟ ಬಂದಿರತಾಳ. ಅಷ್ಟ ಹೇಳಾಕ ನನಗ ಬರಲಿಲ್ಲ.

ಮೊಮ್ಮಗಳು, ಬರಿ ಆಯಿ ಇದನ್ನ ಅಂದ್ಲು. ಟೈಪ ಮಾಡೂದ ಈಗ ಎರಡ ತಿಂಗಳಾತು ಕಲತ. ಒಂದ ಬೆರಳಲೆ ಒತ್ತಿ ಒತ್ತಿ ಇಲ್ಲಿತನಕ ಬಂದೀನಿ.

ನಿನ್ನೆ ಸಂಜಿಕೆ ಇದನ್ನ ನಮ್ಮ ಅತ್ತಿಗೆ ಓದಿ ಹೇಳಿದ್ನಿ. ಹೌದ್ರಿ, ಇನ್ನೂ ಅದಾಳ. ತೊಂಬತ್ತರ ಹತ್ರ ಹತ್ರ. ಬಾಗಲ ಮಗ್ಗಲಿನ ಹೊರಸಿನ ಮ್ಯಾಲ ಇರತಾಳ, ಕಿವಿ ಮಂದ ಆಗ್ಯಾವ, ನಾಲಿಗಿ ಆಗಿಲ್ಲ. ಒಪ್ಪಕೊಂಡ ಬಿಡೂಣ, ಬೈದ್ರ ಬೈಲಿ, ಸಾಯೂಕಿಂತ ಮೊದಲ ಒಬ್ಬರರ ಬೈಲಿ ಅಂತ ಆಕಿ ಕಿವಿ ಹತ್ರ ಕುಂತ ದೊಡ್ಡ ದನಿಲೆ ಎಲ್ಲಾ ಓದಿದ್ನಿ. ರೊಟ್ಟಿ, ಸೀರಿ, ಎಮ್ಮಿ, ಎಲ್ಲಾ. ಅತ್ತಿ ಕಣ್ಣ ಮುಚ್ಚಿ ಕೇಳಿದ್ಲು. ಸಭಾದ ಮಾತ ಬಂದಾಗ ಕಣ್ಣ ತಗದ್ಲು.

"ನಾ ಅವತ್ತ ಮುಂದ ಬಂದ ಕುಂತದ್ದ ಯಾಕ ಅಂದ್ಕೊಂಡಿ? ಹಿಂದಿನ ದಿನಾನ ನಿನ್ನ ಮಾವ್ಸಿ ಬಂದ ಕಾಲ ಹಿಡಕೊಂಡ ಎಲ್ಲಾ ಹೇಳಿ ಹೋಗಿದ್ಲು. ಅಕ್ಕಾ, ನಾಳೆ ನಿನ್ನ ಸೊಸಿ ಹೇಳತಾಳ, ನೀ ಸ್ವತಃ ಬಂದ ಹೂಂ ಅನ್ನು, ಆಕಿಗೆ ಧೈರ್ಯಾ ಬರತೈತಿ ಅಂತ. ಹೂಂ ಅನ್ನಾಕ ಕುಂತಿದ್ನಿ ನಾ."

ನನ್ನ ಕೈಯಾಗಿನ ಫೋನ ಉಡ್ಯಾಗ ಬಿತ್ತು.  ಆಮ್ಯಾಲ ಸಿಟ್ಟ ಬಂತು, ಯಾರ ಮ್ಯಾಲ ಬಂತೋ ಗೊತ್ತಿಲ್ಲ.

"ಗೊತ್ತಿದ್ರ ನೀವ ಯಾಕ ಎದ್ದ ಹೇಳಲಿಲ್ರಿ ಅತ್ತಿ? ನಾ ಹೇಳದಿದ್ರ ನೀವ ಒಂದ ಮಾತ ಹೇಳಬಹುದಿತ್ತಿಲ್ಲೋ, ಗುಡ್ಡಾ ಬೇಕು ಅಂತ?"

ಮುದುಕಿ ಗ್ವಾಡಿ ಕಡೆ ಮಗ್ಗಲಾ ಆದ್ಲು. ಬೆನ್ನ ನನ್ನ ಕಡೆ ಮಾಡಿ ಅಂದ್ಲು:

"ಗುಡ್ಡದ ಮ್ಯಾಲ ಏನೈತಿ ಅಂತ ನನಗೇನ ಗೊತ್ತ ಬೇ? ನಲವತ್ತ ವರ್ಷದಾಗ ಒಂದ ದಿನಾರ ನನ್ನ ಕರದೀರೇನು?"